ಕಲ್ಲಿಗಿಂತ ಮೊದಲು ಅದರ ಚೀಟಿ

ಪ್ರೀತಿಯ ಗೆಳೆಯಾ,

ನಿಮ್ಮೂರಿನ ಹಳೇ ಮ್ಯೂಸಿಯಂ ರಿಪೇರಿ ಕೆಲಸ ನಿನಗೇ ಸಿಕ್ಕಿದೆ ಅಂತ ಕೇಳಿ ತುಂಬಾ ಖುಷಿಯಾಯಿತು. ಸೂರು ಸೋರುತ್ತದೆ, ವೈರಿಂಗ್ ಹಳೆಯದು, ಗೋಡೆಗೆ ತೇವ ಹತ್ತಿದೆ ಅಂದೆ. ಅದನ್ನೆಲ್ಲ ನೀನು ಸರಿಮಾಡುತ್ತೀಯ, ನನಗೆ ಅನುಮಾನವಿಲ್ಲ. ನನ್ನ ಚಿಂತೆಯೆಲ್ಲ ಒಳಗಿರುವ ವಸ್ತುಗಳದ್ದು.

ನಾನು ಒಂದು ಮ್ಯೂಸಿಯಂಗೆ ಮೂರು ತಿಂಗಳು ಪ್ಯಾಕಿಂಗ್ ಕೆಲಸಕ್ಕೆ ಹೋಗಿದ್ದೆ, ನೆನಪಿದೆ ಅಲ್ವಾ? ಅಲ್ಲಿ ಬಣ್ಣ ಬಳಿಯುವವರು ಬರುತ್ತಾರೆ ಅಂತ ಅವಸರದಲ್ಲಿ ಎಲ್ಲವನ್ನೂ ಹಜಾರಕ್ಕೆ ಎಳೆದುಹಾಕಿದ್ದರು. ಒಂದೂ ಮುರಿದಿರಲಿಲ್ಲ. ಆದರೆ ದಾರ ಕಟ್ಟಿ ತೂಗುಹಾಕಿದ್ದ ನಂಬರಿನ ಚೀಟಿಗಳು ನೆಲದ ತುಂಬ ಬಿದ್ದಿದ್ದವು. ಹಳೇ ರಿಜಿಸ್ಟರ್ ಹಿಡಿದು ವಾರಗಟ್ಟಲೆ ಕೂತೆವು. ನಾಲ್ಕು ವೀರಗಲ್ಲುಗಳು ಯಾವ ಊರಿನವು ಅಂತ ಕೊನೆಗೂ ಗೊತ್ತಾಗಲಿಲ್ಲ. ಅವತ್ತು ನನಗೆ ಅಳು ಬಂದಿತ್ತು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಮ್ಯೂಸಿಯಂಗೆ ನಾವಿಬ್ಬರೂ ಹೋಗಿ ನೋಡಿದ ಆತಕೂರಿನ ಕಲ್ಲು ನೆನಪಿಸಿಕೋ. ಮೇಲೆ ನಾಯಿ ಮತ್ತು ಹಂದಿ ಕಾದಾಡುತ್ತಿವೆ. ಹತ್ತನೇ ಶತಮಾನದ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನೋ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಅದನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿದರು. ಆ ಕಥೆ ಕಲ್ಲಿನ ಮೇಲೇ ಕೊರೆದಿದೆ, ಹಾಗಾಗಿ ಉಳಿಯಿತು. ಅಕ್ಷರವಿಲ್ಲದ ಕಲ್ಲಿಗೆ ಚೀಟಿಯೇ ಬಾಯಿ ಕಣೋ.

ವೈರಿಂಗ್ ಮಾತು ಬಂದಾಗ ಮಾತ್ರ ನನಗೆ ಬ್ರೆಜಿಲ್‌ನ ರಿಯೋ ಡಿ ಜನೈರೋದ ರಾಷ್ಟ್ರೀಯ ಮ್ಯೂಸಿಯಂ ಕಣ್ಮುಂದೆ ಬರುತ್ತದೆ. 1818ರಲ್ಲಿ ಶುರುವಾದದ್ದು, ಸುಮಾರು 2 ಕೋಟಿ ವಸ್ತುಗಳಿದ್ದವು. 2018ರ ಜೂನ್‌ನಲ್ಲಿ ರಿಪೇರಿಗೆ ದುಡ್ಡು ಕೊಡುವ ಒಪ್ಪಂದವಾಯಿತು, ಬೆಂಕಿಯಿಂದ ಕಾಪಾಡುವ ವ್ಯವಸ್ಥೆಯೂ ಅದರಲ್ಲಿತ್ತು. ಸೆಪ್ಟೆಂಬರ್ 2ರ ರಾತ್ರಿ ಎಲ್ಲ ಹೊತ್ತಿ ಉರಿಯಿತು. ಒಂದು ಎಸಿಯಿಂದ ಶುರುವಾದ ಬೆಂಕಿ ಅಂತ ತನಿಖೆಯಲ್ಲಿ ಗೊತ್ತಾಯಿತು. ಈಗ ಯಾರೂ ಆಡದ ಭಾಷೆಗಳ ಧ್ವನಿಮುದ್ರಣಗಳೂ ಸುಟ್ಟುಹೋದವು. ಬೆಂದೆಗೋ ಉಲ್ಕೆ ಉಳಿಯಿತು, ಅದು ಕಬ್ಬಿಣ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮೊದಲು ಪ್ರತಿಯೊಂದು ವಸ್ತುವಿನ ಫೋಟೋ, ನಂಬರ್, ಈಗಿರುವ ಜಾಗ ಬರೆದುಕೊಳ್ಳಿ. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ವಸ್ತುಗಳೆಲ್ಲ ಹೊರಗೆ ಹೋಗುವವರೆಗೆ ವೆಲ್ಡಿಂಗ್ ಬೇಡವೇ ಬೇಡ. ಎತ್ತಲಾಗದ ಕಲ್ಲುಗಳ ಸುತ್ತ ಮರದ ಪೆಟ್ಟಿಗೆ ಕಟ್ಟಿಸು, ಹತ್ತಿರ ಡ್ರಿಲ್ ಹಾಕಿಸಬೇಡ. ತೇವದ ನೆಲದಲ್ಲಿ ನಿಂತ ಕಲ್ಲು ಉಪ್ಪು ಹೀರುತ್ತದೆ, ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಎತ್ತಲು ಬರುವ ಕಲ್ಲುಗಳನ್ನು ಹಲಗೆಯ ಮೇಲೆ ಇಡಿಸು. ಚೆನ್ನಾಗಿ ಕಾಣಲಿ ಅಂತ ಎಣ್ಣೆ, ಆಸಿಡ್, ಸಿಮೆಂಟ್ ಯಾವುದೂ ಮುಟ್ಟದಿರಲಿ. ತಾಳೆಗರಿಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೊದಲು ಕಳಿಸು.

ಕಂಟ್ರಾಕ್ಟರ್ ಅವಸರ ಮಾಡುತ್ತಾನೆ. ಮಳೆಗಾಲ ಬರುತ್ತೆ ಅನ್ನುತ್ತಾನೆ. ನೀನು ಗಟ್ಟಿಯಾಗಿ ನಿಲ್ಲಬೇಕು.

ಮುಂದಿನ ಸೋಮವಾರದಿಂದ ಹತ್ತು ದಿನ ರಜೆ ಹಾಕಿದ್ದೇನೆ. ನಂಬರಿನ ಚೀಟಿಗೆ ಹತ್ತಿಯ ಪಟ್ಟಿ, ಬರೆಯಲು ಪೆನ್ಸಿಲ್ ನಾನೇ ತರುತ್ತೇನೆ. ಬಾಲ್‌ಪೆನ್ನಿನ ಶಾಯಿ ಮಾಸಿಹೋಗುತ್ತದೆ. ನಾನು ಬರುವವರೆಗೆ ಯಾವ ವಸ್ತುವನ್ನೂ ಕದಲಿಸಬೇಡ.

ನಿನ್ನ ಗೆಳೆಯ