ಲಂಡನ್ ನಾಟಕಕ್ಕೆ ಟಿಕೆಟ್: ಊರು ಬಿಡುವ ಮೊದಲೇ ಸೀಟು ನೋಡಿ ಕೊಳ್ಳಿ

ಮಾನ್ಯ ಸಂಪಾದಕರೇ,

ರಜೆಗೆಂದು ಲಂಡನ್‌ಗೆ ಹೊರಡುವ, ಅಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಕನ್ನಡಿಗರಲ್ಲಿ ಅನೇಕರಿಗೆ ಆ ನಗರದ ರಂಗಮಂದಿರಗಳ ಕೇಂದ್ರವಾದ ವೆಸ್ಟ್ ಎಂಡ್‌ನಲ್ಲಿ ಒಂದು ನಾಟಕವನ್ನಾದರೂ ನೋಡುವ ಆಸೆ ಇರುತ್ತದೆ. ಟೂರ್ ಪ್ಯಾಕೇಜಿನಲ್ಲಿ ‘ಶೋ ಟಿಕೆಟ್ ಸೇರಿ’ ಎಂದಷ್ಟೇ ಇದ್ದರೆ ಅದು ಸಾಲದು. ಯಾವ ಮಹಡಿ, ಯಾವ ಸಾಲು, ಎಷ್ಟನೇ ಸೀಟು ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಅದಕ್ಕಿಂತ ಒಳ್ಳೆಯದು, ಮನೆಯಲ್ಲಿ ಕೂತು ರಂಗಮಂದಿರದ ಸ್ವಂತ ಜಾಲತಾಣದಲ್ಲೇ ಸೀಟು ಆರಿಸಿ ಕೊಳ್ಳುವುದು.

ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ನೋಡಿ ರೂಢಿಯಾದವರಿಗೆ ಸೀಟಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಅನ್ನಿಸಬಹುದು. ಆದರೆ ವೆಸ್ಟ್ ಎಂಡ್‌ನ ಬಹುಪಾಲು ಮಂದಿರಗಳು ನೂರು ವರ್ಷ ದಾಟಿದವು. ಇಕ್ಕಟ್ಟಿನ ಜಾಗದಲ್ಲಿ ಒಂದರ ಮೇಲೊಂದು ಮಹಡಿ ಏರಿಸಿ ಕಟ್ಟಿದವು. ಕೆಳಗೆ ಸ್ಟಾಲ್ಸ್, ಅದರ ಮೇಲೆ ಡ್ರೆಸ್ ಸರ್ಕಲ್ ಅಥವಾ ರಾಯಲ್ ಸರ್ಕಲ್, ಆಮೇಲೆ ಅಪ್ಪರ್ ಅಥವಾ ಗ್ರ್ಯಾಂಡ್ ಸರ್ಕಲ್, ಕೆಲವೆಡೆ ತುತ್ತತುದಿಗೆ ಬಾಲ್ಕನಿ. ನಮ್ಮ ಟಾಕೀಸುಗಳಲ್ಲಿ ಬಾಲ್ಕನಿಯೇ ದುಬಾರಿ ದರ್ಜೆಯಾದ್ದರಿಂದ ಹೆಸರು ನೋಡಿ ಮೋಸ ಹೋಗುವುದು ಸುಲಭ. ಅಲ್ಲಿ ಅದು ಎಲ್ಲಕ್ಕಿಂತ ದೂರದ, ಕಡಿದಾದ, ಅಗ್ಗದ ಜಾಗ.

ಸ್ಟಾಲ್ಸ್ ಎಂದ ಮಾತ್ರಕ್ಕೆ ಒಳ್ಳೆಯ ಸೀಟೂ ಅಲ್ಲ. ಹಿಂದಿನ ಸಾಲುಗಳಲ್ಲಿ ನೆತ್ತಿಯ ಮೇಲೆ ಸರ್ಕಲ್‌ನ ತಳ ಚಾಚಿಕೊಂಡಿದ್ದು, ರಂಗದ ಮೇಲ್ಭಾಗ ಮರೆಯಾಗುತ್ತದೆ. ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ 1986ರಲ್ಲಿ ಆರಂಭವಾದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ನೋಡಲು ಹೋಗುವವರು ಇದನ್ನು ಗಮನಿಸಲೇಬೇಕು. ಅದರ ಭಾರಿ ತೂಗುದೀಪ ಪ್ರೇಕ್ಷಕರ ತಲೆಯ ಮೇಲೆ ಚಾವಣಿಗೇರುತ್ತದೆ. ಸರ್ಕಲ್‌ನ ಅಡಿಯಲ್ಲಿ ಸಿಕ್ಕಿಕೊಂಡವರಿಗೆ ಸಂಗೀತ ಕೇಳುತ್ತದೆ, ದೀಪ ಚಾವಣಿ ಮುಟ್ಟುವುದು ಕಾಣುವುದಿಲ್ಲ. ತೀರಾ ಮುಂದಿನ ಸಾಲಿನ ತೊಂದರೆ ಬೇರೆ: ರಂಗ ಎತ್ತರವಿದ್ದರೆ ನರ್ತಕರ ಪಾದ ಕಾಣದು, ಕುತ್ತಿಗೆಯೂ ನೋಯುತ್ತದೆ. ಸರ್ಕಲ್‌ಗಳ ಮೊದಲ ಸಾಲಿನಲ್ಲಿ ಕಂಬಿ ಕಣ್ಣಿಗೆ ಅಡ್ಡ ಬರಬಹುದು, ಮಂಡಿ ಮುಂದಿನ ಗೋಡೆಗೆ ತಾಗಬಹುದು.

ನಮ್ಮ ಸಲಹೆ ಇಷ್ಟು. ಮಾತೇ ಮುಖ್ಯವಾದ ನಾಟಕಕ್ಕೆ ಸ್ಟಾಲ್ಸ್‌ನ ಎಫ್‌ನಿಂದ ಎಲ್‌ವರೆಗಿನ ಸಾಲುಗಳ ನಡುಭಾಗ. ಗುಂಪು ನೃತ್ಯವಿರುವ ಮ್ಯೂಸಿಕಲ್‌ಗೆ ಡ್ರೆಸ್ ಸರ್ಕಲ್‌ನ ಬಿ, ಸಿ, ಡಿ ಸಾಲುಗಳ ನಡುಭಾಗ. ನೃತ್ಯದ ವಿನ್ಯಾಸ ಮೇಲಿನಿಂದಲೇ ಪೂರ್ತಿ ಕಾಣುವುದು. ನಕ್ಷೆಯಲ್ಲಿ ಸೀಟಿನ ಮೇಲೆ ಒತ್ತಿದಾಗ ‘ರಿಸ್ಟ್ರಿಕ್ಟೆಡ್ ವ್ಯೂ’ ಎಂದು ಬಂದರೆ ರಂಗದ ಒಂದಷ್ಟು ಭಾಗ ಕಾಣದು ಎಂದೇ ಅರ್ಥ. ‘ಸೀಟ್‌ಪ್ಲಾನ್’ ಎಂಬ ತಾಣದಲ್ಲಿ ಪ್ರೇಕ್ಷಕರು ಅದೇ ಸೀಟಿನಿಂದ ತೆಗೆದ ಫೋಟೊಗಳು ಸಿಗುತ್ತವೆ. ಹತ್ತು ನಿಮಿಷ ಅಲ್ಲಿ ಕಳೆದರೆ ನಷ್ಟವಿಲ್ಲ.

ಮಂಡಿನೋವಿನ ಹಿರಿಯರಿದ್ದರೆ ಅಪ್ಪರ್ ಸರ್ಕಲ್ ಬೇಡವೇ ಬೇಡ. ಲಿಫ್ಟ್ ಇಲ್ಲದ ಮಂದಿರಗಳೇ ಹೆಚ್ಚು, ಮೆಟ್ಟಿಲು ಕಡಿದು. ಎಷ್ಟೋ ಕಡೆ ಸ್ಟಾಲ್ಸ್ ಇರುವುದು ರಸ್ತೆಯ ಮಟ್ಟಕ್ಕಿಂತ ಕೆಳಗೆ. ರಸ್ತೆಯ ಮಟ್ಟಕ್ಕೆ ಸಮೀಪವಿರುವುದು ಡ್ರೆಸ್ ಸರ್ಕಲ್. ಎಷ್ಟು ಮೆಟ್ಟಿಲು ಎಂಬುದು ಮಂದಿರದ ತಾಣದ ‘ಆಕ್ಸೆಸ್’ ಪುಟದಲ್ಲಿರುತ್ತದೆ. ಪುಟ್ಟ ಮಕ್ಕಳಿದ್ದರೆ ವಯಸ್ಸಿನ ಮಿತಿಯನ್ನೂ ಓದಿ, ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೂ ಬಿಡುವುದಿಲ್ಲ.

ಇನ್ನು ಕೊಳ್ಳುವ ಕ್ರಮ. ನಾಟಕದ ಹೆಸರು ಹುಡುಕಿದರೆ ಮೇಲೆ ಬರುವುದು ಬಹುಮಟ್ಟಿಗೆ ಮರುಮಾರಾಟಗಾರರ ಜಾಹೀರಾತು. ಸೊಸೈಟಿ ಆಫ್ ಲಂಡನ್ ಥಿಯೇಟರ್ ನಡೆಸುವ ‘ಅಫಿಷಿಯಲ್ ಲಂಡನ್ ಥಿಯೇಟರ್’ ತಾಣದಿಂದ ಹೋದರೆ ದಾರಿ ತಪ್ಪುವುದಿಲ್ಲ. ಒಂದೇ ಸೀಟಿಗೆ ಶನಿವಾರ ಸಂಜೆ ಒಂದು ಬೆಲೆ, ವಾರದ ನಡುವೆ ಇನ್ನೊಂದು. ಬೇಡಿಕೆ ಏರಿದಂತೆ ಬೆಲೆಯೂ ಏರುವುದರಿಂದ ದಿನ ಬದಲಿಸಿ ನೋಡಿ. ಸಾಲಿನಲ್ಲಿ ಒಂಟಿ ಸೀಟು ಉಳಿಯುವಂತೆ ಆರಿಸಿದರೆ ಅನೇಕ ತಾಣಗಳು ಒಪ್ಪುವುದಿಲ್ಲ. ಒಂದು ಸೀಟು ಸರಿದರೆ ಸಾಕು.

ಹೆಚ್ಚಿನವರು ಎಡವುವುದು ಹಣ ಕಟ್ಟುವಾಗ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ, ಹೊಸ ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರವನ್ನು ನಾವೇ ಬ್ಯಾಂಕ್ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಸೀಟು ಬುಟ್ಟಿಗೆ ಹಾಕಿದ ಮೇಲೆ ಅದನ್ನು ಹುಡುಕುತ್ತ ಕೂತರೆ ಗಡುವು ಮುಗಿದು ಸೀಟು ಕೈತಪ್ಪುತ್ತದೆ. ವಿಳಾಸದಲ್ಲಿ ಮೊದಲು ದೇಶ ಭಾರತ ಎಂದು ಆರಿಸಿ, ಇಲ್ಲದಿದ್ದರೆ ಬ್ರಿಟನ್ನಿನ ಪೋಸ್ಟ್‌ಕೋಡ್ ಕೇಳಿ ಅರ್ಜಿ ಅಲ್ಲೇ ನಿಲ್ಲುತ್ತದೆ. ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಪೌಂಡನ್ನೇ ಆರಿಸಿ. ಲಂಡನ್‌ಗೆ ಹೋದ ಮೇಲೆ ಕೊಳ್ಳೋಣ ಎಂದವರಿಗೆ ಇನ್ನೊಂದು ತೊಡಕು: ಇಲ್ಲಿನ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಓಟಿಪಿ ಬರುವುದೇ ಇಲ್ಲ.

ಇಳಿದ ದಿನದ ಸಂಜೆಗೆ ಮಾತ್ರ ಟಿಕೆಟ್ ಬೇಡ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7.30ಕ್ಕೆ ಪರದೆ ಏಳುವಾಗ ನಮ್ಮ ದೇಹಕ್ಕೆ ಸರಿಯಾಗಿ ನಡುರಾತ್ರಿ. ಮಧ್ಯಾಹ್ನ 2.30ರ ಮ್ಯಾಟಿನಿಯಾದರೆ ನಮ್ಮ ಸಂಜೆ ಏಳು ಗಂಟೆ, ನಿದ್ದೆಯ ಕಾಟವಿಲ್ಲ.

ಕಡಿಮೆ ಖರ್ಚಿನಲ್ಲಿ ಶೇಕ್ಸ್‌ಪಿಯರ್ ನೋಡಬೇಕೆಂದರೆ ಥೇಮ್ಸ್ ದಡದ ಗ್ಲೋಬ್ ರಂಗಮಂದಿರ ಇದೆ. ಸುಮಾರು 700 ಜನ ಅಂಗಳದಲ್ಲಿ ನಿಂತು ನೋಡುತ್ತಾರೆ. ಕೂರುವಂತಿಲ್ಲ, ಮಳೆ ಬಂದರೂ ಕೊಡೆ ಬಿಡಿಸುವಂತಿಲ್ಲ, ರೇನ್‌ಕೋಟ್ ಒಯ್ಯಬೇಕು. ಮೂರು ಗಂಟೆ ನಿಲ್ಲಲಾಗದವರು ಗ್ಯಾಲರಿಯ ಬೆಂಚು ಹಿಡಿಯಲಿ, ಆದರೆ ರಂಗದ ಎರಡು ದಪ್ಪ ಕಂಬಗಳು ಅಡ್ಡ ಬಾರದಂತೆ ನಕ್ಷೆ ನೋಡಿಕೊಳ್ಳಲಿ.

ಲೆಸ್ಟರ್ ಸ್ಕ್ವೇರ್‌ನ ಟಿಕೆಟಿಎಸ್ ಮಳಿಗೆಯಲ್ಲಿ ರಿಯಾಯಿತಿ ಟಿಕೆಟ್ ಸಿಗುವುದು ನಿಜ. ಯಾವ ನಾಟಕವಾದರೂ ಸರಿ ಎನ್ನುವವರಿಗೆ ಅದು ಅನುಕೂಲ. ಇಂಥದ್ದೇ ನಾಟಕ, ನಾಲ್ವರೂ ಒಟ್ಟಿಗೆ ಎನ್ನುವ ಕುಟುಂಬ ಅದನ್ನು ನೆಚ್ಚಬಾರದು.

ಕೊಂಡ ಟಿಕೆಟಿನ ಹಣ ಸಾಮಾನ್ಯವಾಗಿ ವಾಪಸಾಗುವುದು ಪ್ರದರ್ಶನವೇ ರದ್ದಾದಾಗ ಮಾತ್ರ. ಹಾಗಾಗಿ ವೀಸಾ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಿ, ಆದರೆ ಬಂದ ದಿನವೇ ಕೊಳ್ಳಿ.

– ರಂಗಾಸಕ್ತ ಓದುಗರು, ಮೈಸೂರು