ಮಾಮಲೇದಾರರೂ ಮಾಮೂಲೂ ಒಂದೇ ಮನೆಯವರು

ಧಾರವಾಡ

ಪ್ರೀತಿಯ ಪುಟ್ಟಿಗೆ,

ನಿನ್ನ ಮಾಮನ ಆಶೀರ್ವಾದಗಳು.

ನಿನ್ನ ಅಮ್ಮ ನಿನ್ನೆ ಫೋನ್ ಮಾಡಿದ್ದಳು. ಅರಬ್ಬಿ ಕ್ಲಾಸು ಶುರುವಾಗಿ ಎರಡು ತಿಂಗಳಾದರೂ ನಿಘಂಟಿನಲ್ಲಿ ಒಂದು ಪದವೂ ಸಿಗುತ್ತಿಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದೀಯಂತೆ. 'ಇಸ್ತಿಅಮಾಲ್' ಪದಕ್ಕೆ ಅರ್ಧ ಗಂಟೆ ಹುಡುಕಿದೆಯಂತೆ. ಹೇಗೆ ಸಿಗಬೇಕು? ನೀನು ಅಲಿಫ್ ಅಕ್ಷರದ ಪುಟಗಳಲ್ಲಿ ಹುಡುಕಿದ್ದೀಯ. ಅದು ಕೂತಿರುವುದು ಐನ್ ಅಕ್ಷರದ ಪುಟಗಳಲ್ಲಿ.

ಕನ್ನಡ ನಿಘಂಟಿನಲ್ಲಿ ಪದ ಯಾವ ಅಕ್ಷರದಿಂದ ಶುರುವಾಗುತ್ತದೋ ಅಲ್ಲೇ ಇರುತ್ತದೆ. ಅರಬ್ಬಿಯಲ್ಲಿ ಮೊದಲು ಪದದ ಮೈಮೇಲಿನ ಬಟ್ಟೆ ಬಿಚ್ಚಿ ಮೂಳೆ ಎಣಿಸಬೇಕು. ಸಾಮಾನ್ಯವಾಗಿ ಮೂರು ವ್ಯಂಜನ ಸಿಗುತ್ತವೆ. ಅದೇ ಧಾತು. 'ಇಸ್ತಿಅಮಾಲ್' ಪದದಲ್ಲಿ 'ಇಸ್ತಿ' ಮುಂದೆ ಸೇರಿಸಿದ್ದು, ನಡುವಿನ 'ಆ' ಹಿಗ್ಗಿಸಿದ್ದು. ಉಳಿದದ್ದು ಐನ್ (ನಮ್ಮ ಕಿವಿಗೆ 'ಅ' ಅಂತ ಕೇಳಿದರೂ ಅರಬ್ಬಿಯಲ್ಲಿ ಅದು ಗಂಟಲಿನ ವ್ಯಂಜನ), ಮೀಮ್ (ಮ), ಲಾಮ್ (ಲ). ಆ ಧಾತುವಿನ ಮೊದಲ ರೂಪ 'ಅಮಿಲ', ಅಂದರೆ 'ಅವನು ಮಾಡಿದನು'. ಅರಬ್ಬಿ ನಿಘಂಟುಗಳು ಧಾತುವಿಗೆ ಹಾಜರಿ ಹಾಕುವುದು ಈ ರೂಪದಲ್ಲೇ.

ಈ ಒಂದು ಧಾತುವನ್ನು ಒಂದು ವಾರ ಜಗಿದು ನೋಡು. 'ಅಮಲ್' ಅಂದರೆ ಕೆಲಸ, ಅದರ ಬಹುವಚನ 'ಅಅಮಾಲ್'. ಕೆಲಸ ಮಾಡುವವನು 'ಆಮಿಲ್'. ಮಾಡಿದ್ದು, ಮಾಡಲ್ಪಟ್ಟದ್ದು 'ಮಅಮೂಲ್'. ಕೆಲಸ ನಡೆಯುವ ಜಾಗ, ಈಗ ಪ್ರಯೋಗಾಲಯ, 'ಮಅಮಲ್'. ಒಬ್ಬರ ಜೊತೆ ಇನ್ನೊಬ್ಬರ ವ್ಯವಹಾರ 'ಮುಆಮಲಾ'. ಕೆಲಸಕ್ಕೆ ಹಚ್ಚುವುದು, ಅಂದರೆ ಬಳಸುವುದು 'ಇಸ್ತಿಅಮಾಲ್'. ಬಳಸಿದ್ದು 'ಮುಸ್ತಅಮಲ್'.

ಕೇಳಿದಂತೆ ಅನ್ನಿಸುತ್ತಿದೆ ಅಲ್ವಾ? ನಿನ್ನ ಮುತ್ತಜ್ಜ ಮುಂಬಯಿ ಪ್ರಾಂತದ ಕಾಲದಲ್ಲಿ ಮಾಮಲೇದಾರರ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅದೇ ಹೊತ್ತಿಗೆ ಮೈಸೂರು ಸೀಮೆಯ ತಾಲ್ಲೂಕುಗಳಲ್ಲಿ ಅಮಲ್ದಾರರು ಕೂತಿದ್ದರು. ಇವರು 'ಅಮಲ್' ಕಡೆಯವರು, ನಮ್ಮವರು 'ಮುಆಮಲಾ' ಕಡೆಯವರು. ಧಾತು ಒಂದೇ, ಕುರ್ಚಿಯೂ ಹೆಚ್ಚುಕಡಿಮೆ ಒಂದೇ. ಈಗ ಇಬ್ಬರ ಜಾಗದಲ್ಲೂ ತಹಶೀಲ್ದಾರರಿದ್ದಾರೆ. ಆ ಪದದ ಮನೆ ಬೇರೆ. ಹಾಸಿಲು, ಮಹಸೂಲು ಅದರ ನೆಂಟರು. ಕೋರ್ಟಿನ ಅಮಲ್ಜಾರಿ ಅರ್ಜಿ ಮಾತ್ರ ಮತ್ತೆ ನಮ್ಮ ಮನೆಯದೇ.

ಇನ್ನೊಂದು ಜೋಡಿ ಹೇಳುತ್ತೇನೆ, ಧಾತುವಿನಿಂದ ಪದ ಕಟ್ಟುವ ಅಚ್ಚು ತಲೆಯಲ್ಲಿ ಕೂತುಬಿಡುತ್ತದೆ. ಕೋರ್ಟಿನಲ್ಲಿ ನಾಜರ್ ಇರುತ್ತಾರೆ. ನೂನ್, ಜಾ, ರಾ ಧಾತುವಿಗೆ 'ನೋಡು' ಅಂತ ಅರ್ಥ. 'ನಾಜಿರ್' ಅಂದರೆ ನೋಡುವವನು, 'ಮಂಜೂರ್' ಅಂದರೆ ನೋಡಲ್ಪಟ್ಟದ್ದು. ಸಾಹೇಬರು ಕಾಗದ ನೋಡಿದರು, ಅದು ಮಂಜೂರಾಯಿತು! ಆಮಿಲ್, ಮಅಮೂಲ್ ಪದಗಳಿಗೂ ಇದೇ ಅಚ್ಚು.

ಇಷ್ಟು ಗೊತ್ತಾದ ಮೇಲೆ ಹುಷಾರಾಗಿರಬೇಕು. ಧಾತು ಸಿಕ್ಕ ಖುಷಿಯಲ್ಲಿ ಅರ್ಥವೂ ಸಿಕ್ಕಿತು ಅಂದುಕೊಳ್ಳುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ.

ಮಸ್ಕತ್ತಿಗೆ ಹೋದ ಮೊದಲ ವರ್ಷ. ನನ್ನ ರೂಮಿನಲ್ಲಿ ಕೇರಳದ ಹುಡುಗನೊಬ್ಬ ಇದ್ದ. ಒಂದು ರಾತ್ರಿ ಅವನಿಗೆ ಹೊಟ್ಟೆ ಹಿಡಿದುಕೊಂಡಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ನನ್ನ ಕಡೆ ತಿರುಗಿ 'ಲಾಜಿಮ್ ಅಮಲಿಯ್ಯಾ' ಅಂದರು. ಲಾಜಿಮ್ ಅಂದರೆ ಆಗಲೇಬೇಕು, ಅಮಲ್ ಅಂದರೆ ಕೆಲಸ. ನನ್ನ ಹೊಸ ಅರಬ್ಬಿಯ ಮೇಲೆ ನನಗೆ ಭಾರಿ ಹೆಮ್ಮೆ. 'ಏನೋ ಕೆಲಸ ಇದೆಯಂತೆ, ಮುಗಿಸಿಕೊಂಡು ಹೋಗೋಣ' ಅಂತ ಅವನಿಗೆ ಹೇಳಿ, ಡಾಕ್ಟರಿಗೆ 'ನಅಮ್, ನಅಮ್' ಅಂತ ತಲೆಯಾಡಿಸಿದೆ. ಅರ್ಧ ಗಂಟೆಯಲ್ಲಿ ಅವನನ್ನು ಹಸಿರು ಗೌನಿನಲ್ಲಿ ಟ್ರಾಲಿ ಮೇಲೆ ಮಲಗಿಸಿದ್ದರು. ಅಮಲಿಯ್ಯಾ ಅಂದರೆ ಆಪರೇಷನ್. ಅಪೆಂಡಿಕ್ಸ್ ತೆಗೆದರು, ಹುಡುಗ ಉಳಿದ. ಆದರೆ ನಾನು ಏನೇ ಅನುವಾದ ಮಾಡಿದರೂ ಆಮೇಲೆ ಅವನು ಅಂಗಿ ಎತ್ತಿ ಹೊಲಿಗೆ ತೋರಿಸುತ್ತಿದ್ದ.

ಬ್ಯಾಂಕಿಗೆ ಹೋದರೆ 'ಅಮೀಲ್' ಅಂತ ಬೋರ್ಡು. ಅಲ್ಲಿ ಅದಕ್ಕೆ ಗ್ರಾಹಕ ಅಂತ ಅರ್ಥ. ಕಂಪನಿಗಳ ಏಜೆಂಟನೂ ಅಮೀಲ್. ರಾಜಕೀಯದ ಸುದ್ದಿಯಲ್ಲಿ ಅದೇ ಪದ ಬಂದರೆ ಶತ್ರುವಿನ ಕೈಯಾಳು, ಗೂಢಚಾರ. ಯಾರನ್ನಾದರೂ ಹಾಗೆ ಕರೆಯುವ ಮುಂಚೆ ಎರಡು ಸಲ ಯೋಚಿಸು. ನಾಣ್ಯ, ನೋಟಿಗೆ 'ಉಮ್ಲಾ'. ಸರ್ಕಾರಿ ಕಚೇರಿಯಲ್ಲಿ ನಿನ್ನ ಕಾಗದಪತ್ರದ ಕಟ್ಟೇ 'ಮುಆಮಲಾ'. ಇವು ಯಾವುದನ್ನೂ 'ಮಾಡು' ಎಂಬ ಅರ್ಥದಿಂದ ಊಹಿಸಿ ಹೇಳುವುದಕ್ಕೆ ಆಗುವುದಿಲ್ಲ. ಹೇಳಿದ ಮೇಲೆ ಮಾತ್ರ 'ಓಹೋ, ಹೌದಲ್ಲ' ಅನ್ನಿಸುತ್ತದೆ. ಅದಕ್ಕೇ ಹೇಳುವುದು, ಧಾತುವನ್ನು ಹುಡುಕಲು ಬಳಸು, ಊಹಿಸಲು ಬಳಸಬೇಡ. ನೋಟ್‌ಬುಕ್ಕಿನಲ್ಲಿ ಬರೀ ಪದ, ಅರ್ಥ ಬರೆದು ಬಿಡಬೇಡ. ಪದ ಸಿಕ್ಕ ವಾಕ್ಯವನ್ನು ಪೂರ್ತಿ ಬರೆದುಕೋ.

ಕನ್ನಡದವರಿಗೆ ಇನ್ನೂ ಒಂದು ಗುಂಡಿ ಇದೆ. ನಮಗೆ ಈ ಪದಗಳು ಅರಬ್ಬಿಯಿಂದ ನೇರವಾಗಿ ಬಂದವಲ್ಲ. ಪಾರಸಿ, ಉರ್ದು, ಮರಾಠಿಯಲ್ಲಿ ಇಳಿದು, ಉಂಡು, ಮಲಗಿ ಎದ್ದು ಬಂದವು. ಬರುವಷ್ಟರಲ್ಲಿ ಗುಣ ಬದಲಾಗಿತ್ತು. ನಮ್ಮಲ್ಲಿ ಅಮಲು ಅಂದರೆ ನಶೆ. ಹಳೇ ಕಾಗದಗಳಲ್ಲಿ ಅಧಿಕಾರವೂ ಹೌದು. (ಎರಡೂ ತಲೆಗೆ ಏರುವಂಥವೇ ಬಿಡು.) ಇನ್ನು ಮಾಮೂಲು. 'ಮಾಡಿದ್ದು' ಹೋಗಿ 'ಯಾವಾಗಲೂ ಮಾಡುವುದು' ಆಯಿತು, ಆಮೇಲೆ 'ಯಾವಾಗಲೂ ಕೊಡುವುದು' ಆಯಿತು. ನಮ್ಮ ಆಫೀಸಿನಲ್ಲಿ ಸಿರಿಯಾದ ಮುದುಕರೊಬ್ಬರು ಲೆಕ್ಕ ಬರೆಯುತ್ತಿದ್ದರು. ಈದ್ ಮುಗಿದ ಮರುದಿನ ನನ್ನ ಮೇಜಿನ ಮೇಲೆ ಡಬ್ಬಿ ಇಟ್ಟು 'ಮಅಮೂಲ್, ತಗೋ' ಅಂದರು. ನಾನು ಬೆಚ್ಚಿ ಬಾಗಿಲ ಕಡೆ ನೋಡಿದೆ. ಮುಚ್ಚಳ ತೆಗೆದರೆ ರವೆಯ ಬಿಸ್ಕತ್ತು! ಒಳಗೆ ಖರ್ಜೂರದ ಹೂರಣ, ಮೇಲೆ ಸಕ್ಕರೆ ಪುಡಿ, ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿನ ಹಾಗೆ ಮರದ ಅಚ್ಚಿನಲ್ಲಿ ಒತ್ತಿದ ಹೂವು. ಆ ಕಡೆ ಅದರ ಹೆಸರೇ ಮಅಮೂಲ್. ನಾಲ್ಕು ತಿಂದೆ.

ಉಚ್ಚಾರಣೆ ಬಗ್ಗೆ ಒಂದೇ ಮಾತು. ಐನ್ ಅಕ್ಷರವನ್ನು ಗಂಟಲಿನ ಆಳದಿಂದ ಹೇಳು, ನಾಚಿಕೆ ಬೇಡ. ಅಲಿಫ್ ಮಾಡಿ ಹೇಳಿದರೆ 'ಅಮಲ್' ಅಂದರೆ ಆಸೆ, ಭರವಸೆ. ಕೆಲಸ ಕೇಳಲು ಹೋಗಿ ಭರವಸೆ ಕೇಳಿದ ಹಾಗಾಗುತ್ತದೆ. ಗಲ್ಫಿನಲ್ಲಿ ಎಷ್ಟೋ ಜನರಿಗೆ ಎರಡನೆಯದೇ ಸಿಕ್ಕಿದ್ದು, ಅದು ಬೇರೆ ಕಥೆ.

ಐನ್ ಅಂದಾಗ ನೆನಪಾಯ್ತು. 8ನೇ ಶತಮಾನದಲ್ಲಿ ಬಸ್ರಾ ಊರಿನಲ್ಲಿ ಖಲೀಲ್ ಇಬ್ನ್ ಅಹ್ಮದ್ ಅಂತ ಪಂಡಿತ ಇದ್ದ. ಅರಬ್ಬಿಯ ಮೊದಲ ನಿಘಂಟು ಅವನ ಹೆಸರಿನಲ್ಲಿದೆ. ಅವನು ಅಕ್ಷರಗಳನ್ನು ಗಂಟಲಿನಿಂದ ತುಟಿಯ ಕಡೆಗೆ ಜೋಡಿಸಿದ, ನಮ್ಮ ಕ ಚ ಟ ತ ಪ ಇದೆಯಲ್ಲ, ಹಾಗೆ. ಶುರು ಐನ್‌ನಿಂದ. ಇನ್ನೂ ಮಜಾ ಏನೆಂದರೆ, ಮೂರು ಅಕ್ಷರ ಹಿಡಿದು ಆರೂ ಥರ ತಿರುಗಿಸಿ ಒಂದೇ ಕಡೆ ಇಟ್ಟ. ಹಾಗಾಗಿ ಐನ್-ಮೀಮ್-ಲಾಮ್ ಪಕ್ಕದಲ್ಲೇ ಐನ್-ಲಾಮ್-ಮೀಮ್ ಇರುತ್ತದೆ. ಅದು 'ಇಲ್ಮ್', ಅಂದರೆ ತಿಳಿವಳಿಕೆ. ಅದರಿಂದ 'ತಅಲೀಮ್', ಕಲಿಸುವುದು. ನಮ್ಮೂರ ಹುಡುಗರು ಲಂಗೋಟಿ ಕಟ್ಟಿ ಸಾಮು ಮಾಡುವ ತಾಲೀಮು, ನಾಟಕದವರ ತಾಲೀಮು, ಎರಡೂ ಅದೇ. ಆರು ತಿರುವುಗಳಲ್ಲಿ ಜನರ ಬಾಯಲ್ಲಿ ಇರುವುದಕ್ಕೆ ಅವನು 'ಮುಸ್ತಅಮಲ್' ಅಂದ, ಇಲ್ಲದ್ದಕ್ಕೆ 'ಮುಹ್ಮಲ್', ಬಿಟ್ಟದ್ದು ಅಂದ. ಸಾವಿರದ ಇನ್ನೂರು ವರ್ಷದ ಹಿಂದಿನ ಆ ಮುಸ್ತಅಮಲ್ ಪದವನ್ನೇ ನಾನು ಮಸ್ಕತ್ತಿನಲ್ಲಿ ಹಳೇ ಕಾರು ಮಾರುವ ಅಂಗಡಿಗಳ ಮೇಲೆ ದಿನಾ ಓದುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಅಂತ.

ನಾಳೆ ಬಸ್ ಪಾರ್ಸೆಲ್ಲಿನಲ್ಲಿ ನನ್ನ ಹಾನ್ಸ್ ವೆಹರ್ ನಿಘಂಟು ಕಳಿಸುತ್ತೇನೆ. ಅದೂ ಧಾತುವಿನ ಪ್ರಕಾರವೇ ಇರುವುದು. ಪಕ್ಕಾ ಮುಸ್ತಅಮಲ್. ಬೈಂಡಿಂಗ್ ಬಿಟ್ಟಿದೆ, ಐನ್ ಪುಟಗಳ ಮೇಲೆ ಚಹಾದ ಕಲೆ ಇದೆ. ರಬ್ಬರ್ ಬ್ಯಾಂಡ್ ತೆಗೆಯುವಾಗ ಜೋಪಾನ, ಹಾಳೆ ಉದುರುತ್ತವೆ.

ನಿನ್ನ
ಮಾಮಾ