ಕಂಪಾಸ್ ಬಾಕ್ಸಿನ ಸುತಳಿ

ಸಾಗರ
ಭಾನುವಾರ ರಾತ್ರಿ

ಪುಟ್ಟಿ,

ಮೊಮ್ಮಗ ಅಭಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ ಇದೆ, ಡಾಕ್ಟರು ಮಾತ್ರೆ ಬರೆದಿದ್ದಾರೆ ಅಂತ ನೀನು ಹೇಳಿದಾಗ ಮಂಗಳವಾರ ಫೋನಿನಲ್ಲಿ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಐದು ದಿನದಿಂದ ನೀನು ಅಮ್ಮನ ಹತ್ತಿರ ಮಾತ್ರ ಮಾತಾಡುತ್ತಿದ್ದೀಯ. ಅವಳು ಫೋನ್ ಇಟ್ಟ ಮೇಲೆ "ಅಭಿಗೆ ಮಾತ್ರೆ ಶುರು ಮಾಡಿದಳಂತಾ?" ಅಂತ ಕೇಳುತ್ತೇನೆ. "ನೀವೇ ಕೇಳಿ" ಅನ್ನುತ್ತಾಳೆ. ಕೇಳೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಬರೆಯಲು ಕೂತೆ.

ನೀನು ಫೋನ್ ಇಡುವ ಮೊದಲು ಒಂದು ಮಾತು ಹೇಳಿದೆ. "ಡಾಕ್ಟರು ಅಭಿ ಬಗ್ಗೆ ಕೇಳಿದ್ದಕ್ಕೆಲ್ಲ ಹೂಂ ಅಂದೆ ಅಪ್ಪ. ಅರ್ಧ ಕೇಳೋ ಹೊತ್ತಿಗೆ ಅನ್ನಿಸ್ತು, ಇವರು ಕೇಳ್ತಿರೋದು ನನ್ನ ಬಗ್ಗೇನೇ." ಆಗಲೇ ಆ ಸುತಳಿ ನನ್ನ ಕಣ್ಣ ಮುಂದೆ ಬಂತು. ಇನ್ನೂ ಹೋಗಿಲ್ಲ.

ನೀನಾಗ ಐದನೇ ಕ್ಲಾಸು. ಜೂನ್‌ನಿಂದ ದೀಪಾವಳಿಯೊಳಗೆ ನಾಲ್ಕು ಕಂಪಾಸ್ ಬಾಕ್ಸ್ ಕಳೆದಿದ್ದೆ. ನಾಲ್ಕನೆಯದು ಹೋದಾಗ ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಅದನ್ನೇ ದೊಡ್ಡ ತಾಳ್ಮೆ ಅಂದುಕೊಂಡಿದ್ದೆ. ಐದನೆಯದನ್ನು ತಂದು ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ. ಅಡಿಕೆ ಮೂಟೆ ಹೊಲಿಯುವ ಸುತಳಿ ಪೋಣಿಸಿ, ಇನ್ನೊಂದು ತುದಿಯನ್ನು ನಿನ್ನ ಯೂನಿಫಾರಂ ಬೆಲ್ಟಿಗೆ ಕಟ್ಟಿದೆ. "ಇನ್ನು ಹೇಗೆ ಕಳೀತೀಯ ನೋಡೋಣ" ಅಂದೆ. ನೀನು ಏನೂ ಹೇಳದೆ ಚೀಲ ಹಾಕಿಕೊಂಡು ಹೊರಟೆ.

ನಾನು ಅದೇ ಸ್ಕೂಲಿನ ಲೆಕ್ಕದ ಮೇಷ್ಟ್ರು ಅಲ್ವಾ, ಹತ್ತೂವರೆ ಬಿಡುವಿನಲ್ಲಿ ಕಿಟಕಿಯಿಂದ ನೋಡಿದೆ. ನಿನ್ನ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನೀನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ನಡೆದರೆ ಬಾಕ್ಸಿನೊಳಗೆ ಕೈವಾರ, ಡಿವೈಡರ್ ಗಲಗಲ ಅನ್ನುತ್ತಿತ್ತು. ಸದ್ದಾಗಬಾರದು ಅಂತ ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಒಬ್ಬ ಹುಡುಗ ಬಂದು ಸುತಳಿ ಎಳೆದು ಓಡಿಹೋದ. ನಾನು ಏಳಲಿಲ್ಲ. ಏಳನೇ ಕ್ಲಾಸಿನ ಪೇಪರ್ ತಿದ್ದುತ್ತಿದ್ದೆ. ಮುಂದಿನ ಪೇಪರ್ ತೆಗೆದುಕೊಂಡೆ.

ಸಂಜೆ ಮಳೆಗೆ ನೆಂದು ಗಂಟು ಬಿಗಿದಿತ್ತು. ನನ್ನ ಕೈಯಲ್ಲಿ ಬಿಚ್ಚಲು ಆಗಲಿಲ್ಲ, ಅಮ್ಮ ಕತ್ತರಿ ತಂದು ಕತ್ತರಿಸಿದಳು. ಆಗ ನೀನು, "ಅಪ್ಪ, ಇವತ್ತು ಕಳೀಲಿಲ್ಲ" ಅಂದೆ.

ಕುಶಿಯಿಂದಲೇ ಅಂದೆ ಪುಟ್ಟಿ. ನಾನು ಮೆಚ್ಚಲಿ ಅಂತ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಈ ಉಪಾಯವನ್ನು ನಾನು ಹೆಮ್ಮೆಯಿಂದ ಹೇಳಿಕೊಂಡೆ. ಇಬ್ಬರು ಮೇಷ್ಟ್ರು ತಮ್ಮ ಮಕ್ಕಳಿಗೂ ಹಾಗೇ ಮಾಡ್ತೀವಿ ಅಂದರು.

ಈಗ ಇನ್ನೊಂದು ತಪ್ಪು ಹೇಳಬೇಕು. ನಮ್ಮ ಜಗಳ ಆದ ಮಾರನೇ ದಿನ ನಿನಗೊಂದು ಜಾಹೀರಾತು ಕಳಿಸಿದ್ದೆ, "ಮಾತ್ರೆ ಬೇಡ, ಮೆದುಳಿಗೆ ಸಣ್ಣ ಕರೆಂಟ್ ಕೊಟ್ಟು ಗಮನ ಸರಿಪಡಿಸುತ್ತೇವೆ" ಅಂತ. ನೀನು ನೋಡಿ ಸುಮ್ಮನಾದೆ. ನಾನು ಸುಮ್ಮನಾಗಲಿಲ್ಲ. ಐದು ಸಾವಿರ ಅಡ್ವಾನ್ಸ್ ಕಟ್ಟಿದ್ದೇನೆ. ಮಾತ್ರೆಯ ಹೆಸರು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ ಅಂತ ಓದಿದ ಮೇಲೆ ನನಗೆ ನಿದ್ದೆ ಬಂದಿರಲಿಲ್ಲ. ಎಂಟು ವರ್ಷದ ಮಗುವಿಗೆ ಅಂಥದ್ದು ಕೊಡೋದಾ ಅಂತ.

ಶುಕ್ರವಾರ ಶಿವಮೊಗ್ಗಕ್ಕೆ ಹೋಗಿ ಬಂದೆ. ನನ್ನ ಹಳೇ ಶಿಷ್ಯನೊಬ್ಬ ಅಲ್ಲಿ ಮಕ್ಕಳ ಡಾಕ್ಟರು. ಮಧ್ಯಾಹ್ನ ಪೇಷೆಂಟುಗಳು ಮುಗಿದ ಮೇಲೆ ಒಂದೂವರೆ ಗಂಟೆ ಕೂರಿಸಿಕೊಂಡು ಹೇಳಿದ. ನೀನು ಇದನ್ನೆಲ್ಲ ನನಗಿಂತ ಮೊದಲೇ ಓದಿರುತ್ತೀಯ. ಆದರೂ ಬರೆಯುತ್ತೇನೆ, ನನಗೆ ಎಷ್ಟು ಅರ್ಥವಾಗಿದೆ ಅಂತ ನಿನಗೆ ಗೊತ್ತಾಗಲಿ.

1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಅನ್ನುವ ಡಾಕ್ಟರು ಮಕ್ಕಳ ಆಸ್ಪತ್ರೆ ನೋಡಿಕೊಳ್ಳುತ್ತಿದ್ದರಂತೆ. ಮೆದುಳಿನ ಎಕ್ಸ್‌ರೇಗಾಗಿ ಬೆನ್ನಿನಿಂದ ನೀರು ತೆಗೆದಾಗ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದಕ್ಕೆ ಅಂತ ಬೆಂಜೆಡ್ರಿನ್ ಅನ್ನುವ ಉತ್ತೇಜಕ ಮಾತ್ರೆ ಕೊಟ್ಟರು. ತಲೆನೋವು ಅಷ್ಟೇನೂ ಹೋಗಲಿಲ್ಲ, ಆದರೆ ಮಕ್ಕಳು ಪಾಠಕ್ಕೆ ಕೂತರು. ಆಮೇಲೆ 30 ಮಕ್ಕಳಿಗೆ ಒಂದು ವಾರ ಕೊಟ್ಟು ನೋಡಿದರು. 14 ಮಕ್ಕಳ ಓದು ಎದ್ದು ಕಾಣುವಷ್ಟು ಸುಧಾರಿಸಿತು. ಮಾತ್ರೆ ನಿಲ್ಲಿಸಿದ ದಿನವೇ ಮತ್ತೆ ಮೊದಲಿನ ಹಾಗೆ. ಆ ಮಕ್ಕಳೇ ಅದಕ್ಕೆ 'ಲೆಕ್ಕದ ಮಾತ್ರೆ' ಅಂತ ಹೆಸರಿಟ್ಟಿದ್ದರಂತೆ. ಇದನ್ನು ಕೇಳಿ ನಾನು ತುಂಬ ಹೊತ್ತು ಮಾತಾಡಲಿಲ್ಲ. ಮೂವತ್ತನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟೆ. ಕೊನೇ ಬೆಂಚಿನಲ್ಲಿ ಕಿಟಕಿ ನೋಡುತ್ತಾ ಕೂತಿದ್ದ ಎಷ್ಟು ಮಕ್ಕಳನ್ನು ಸೋಮಾರಿ ಅಂದಿದ್ದೇನೋ.

ಅಭಿಗೆ ಬರೆದಿರುವ ಮೀಥೈಲ್‌ಫೆನಿಡೇಟ್ ಕೂಡ 1944ರಲ್ಲೇ ತಯಾರಾದದ್ದು, ನನಗಿಂತ ಹಳೆಯದು. ಶಿಷ್ಯ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ. ಒಂದು ನರದ ತುದಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುತ್ತೆ, ಬಿಟ್ಟದ್ದನ್ನು ತಾನೇ ವಾಪಸ್ ಎಳೆದುಕೊಳ್ಳುತ್ತೆ. ಈ ಮಾತ್ರೆ ಹಾಗೆ ಎಳೆದುಕೊಳ್ಳುವುದನ್ನು ತಡೆಯುತ್ತೆ. ಸಾಮಾನ್ಯ ಮಾತ್ರೆಯ ಪರಿಣಾಮ ನಾಲ್ಕು ಗಂಟೆ, ಅಷ್ಟೇ. ಚಟ ಹತ್ತುತ್ತಾ ಅಂತ ಎರಡು ಸಲ ಕೇಳಿದೆ. ಡಾಕ್ಟರು ಹೇಳಿದಷ್ಟೇ ಕೊಟ್ಟು, ನಿಗಾ ಇಟ್ಟರೆ ಆ ಭಯ ಬೇಡ, ಮುಂದೆ ಬೇರೆ ಚಟ ಹತ್ತುವ ಅಪಾಯವೂ ಇದರಿಂದ ಹೆಚ್ಚುವುದಿಲ್ಲ ಅಂದ.

ಕರೆಂಟಿನ ವಿಷಯ ಕೇಳಲು ಹಿಂಜರಿದೆ, ಆದರೂ ಕೇಳಿದೆ. ಅದೇನೂ ಮಾಟಮಂತ್ರ ಅಲ್ಲ ಸಾರ್ ಅಂದ. ದೊಡ್ಡವರ ಡಿಪ್ರೆಶನ್‌ಗೆ ಅಯಸ್ಕಾಂತದ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿದೆ. ಮಕ್ಕಳ ಎಡಿಎಚ್‌ಡಿಗೂ 2019ರಲ್ಲಿ ಒಂದು ಯಂತ್ರಕ್ಕೆ ಒಪ್ಪಿಗೆ ಕೊಟ್ಟರು. ಮಲಗುವಾಗ ಹಣೆಗೆ ಪಟ್ಟಿ ಅಂಟಿಸಿ, ಮುಖದ ನರದ ಮೂಲಕ ಸಣ್ಣ ಕರೆಂಟ್ ಕಳಿಸೋದು. 62 ಮಕ್ಕಳ ಮೇಲೆ ನಾಲ್ಕು ವಾರ ಮಾಡಿದ ಪರೀಕ್ಷೆಯ ಮೇಲೆ ಒಪ್ಪಿಗೆ ಸಿಕ್ಕಿದ್ದು. ಆಮೇಲೆ ಇಂಗ್ಲೆಂಡಿನಲ್ಲಿ 150 ಮಕ್ಕಳ ಮೇಲೆ ಮಾಡಿದಾಗ ನಿಜವಾದ ಪಟ್ಟಿಗೂ ಸುಳ್ಳು ಪಟ್ಟಿಗೂ ವ್ಯತ್ಯಾಸ ಕಾಣಲಿಲ್ಲ. ತಲೆಗೆ ನೇರವಾಗಿ ಸಣ್ಣ ಕರೆಂಟ್ ಕೊಡುವ ಇನ್ನೊಂದು ವಿಧಾನವನ್ನು ಲಂಡನ್ನಿನಲ್ಲಿ 50 ಹುಡುಗರಿಗೆ 15 ಸಲ ಮಾಡಿ ನೋಡಿದರು, ಅಲ್ಲೂ ಪ್ರಯೋಜನ ಕಾಣಲಿಲ್ಲ. ಮುಂದೆ ಏನಾದರೂ ಸಿಗಬಹುದು, ಸಂಶೋಧನೆ ಮಾಡುವವರು ಮಾಡಲಿ. ಆದರೆ ಅಭಿಯ ಮೂರನೇ ಕ್ಲಾಸು ಈಗಲೇ ನಡೀತಿದೆ. ಅಡ್ವಾನ್ಸ್ ವಾಪಸ್ ಕೇಳಿದ್ದೇನೆ. ಕೊಡದಿದ್ದರೆ ಬಿಡುತ್ತೇನೆ, ನೀನು ಅವರಿಗೆ ಫೋನ್ ಮಾಡಬೇಡ.

ಮಾತ್ರೆ ಕೊಡು ಪುಟ್ಟಿ. ಆದರೆ ಮಾತ್ರೆ ಕೊಟ್ಟೆ, ಮುಗೀತು ಅಂದುಕೊಳ್ಳಬೇಡ. ಅಮೆರಿಕದಲ್ಲಿ ಇದೇ ತೊಂದರೆಯ 579 ಮಕ್ಕಳನ್ನು ಬೇರೆ ಬೇರೆ ಚಿಕಿತ್ಸೆಯ ಗುಂಪು ಮಾಡಿ 14 ತಿಂಗಳು ನೋಡಿ 1999ರಲ್ಲಿ ಫಲಿತಾಂಶ ಕೊಟ್ಟರಲ್ಲ, ಅಲ್ಲಿ ಮಾತ್ರೆಯ ಗುಂಪು ಚೆನ್ನಾಗಾದದ್ದು ಡಾಕ್ಟರು ತಿಂಗಳು ತಿಂಗಳೂ ನೋಡಿ ಪ್ರಮಾಣ ಸರಿಮಾಡಿದ್ದರಿಂದ. ಮೂರು ವರ್ಷ ಆದ ಮೇಲೆ ಗುಂಪು ಗುಂಪಿಗೆ ವ್ಯತ್ಯಾಸ ಉಳಿದಿರಲಿಲ್ಲ. ಹಾಗಾಗಿ ಹೋಗುವ ದಿನ ತಪ್ಪಿಸಬೇಡ. ಎತ್ತರ, ತೂಕ, ನಾಡಿ, ಬಿಪಿ ಬರೆದಿಡು. ಹಸಿವು ಕಮ್ಮಿಯಾಗುತ್ತೆ, ಬೆಳವಣಿಗೆ ಸ್ವಲ್ಪ ನಿಧಾನ ಆಗಬಹುದಂತೆ. ಸಂಜೆ ಹೊತ್ತು ಕೊಟ್ಟರೆ ನಿದ್ದೆ ಬರಲ್ಲ. ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಮುಗಿಯುವ ವಾರ ಮೊದಲೇ ತಂದಿಡು. ಅವನ ಎದುರಿಗೆ ಅದನ್ನು ಬುದ್ಧಿ ಮಾತ್ರೆ ಅನ್ನಬೇಡ. ಅವನಿಗೆ ಬುದ್ಧಿ ಇಲ್ಲ ಅಂತ ಆಗುತ್ತೆ. ಮತ್ತೆ ಮೊಬೈಲು... ಬೇಡ. ಬುದ್ಧಿ ಹೇಳಬಾರದು ಅಂತಲೇ ಪತ್ರ ಶುರು ಮಾಡಿದ್ದೆ.

"ನೀನು ಮಾತ್ರೆ ಇಲ್ಲದೆ ಬೆಳೀಲಿಲ್ವಾ?" ಅಂತ ಕೂಗಿದೆನಲ್ಲ. ಬೆಳೆದೆ. ಆರ್ಕಿಟೆಕ್ಟ್ ಆದೆ. ನೀನು ಮಾಡಿದ ಆ ಶಾಲೆ ಕಟ್ಟಡದ ಫೋಟೋ ನನ್ನ ಪರ್ಸಿನಲ್ಲಿದೆ, ಬಸ್ಸಿನಲ್ಲಿ ಪಕ್ಕದವರಿಗೂ ತೋರಿಸುತ್ತೇನೆ. ಆದರೆ ಪಿಯುಸಿಯಲ್ಲಿ ನಿನ್ನ ರೂಮಿನ ಲೈಟು ರಾತ್ರಿ ಎರಡರವರೆಗೆ ಉರಿಯುತ್ತಿದ್ದುದು ಏಕೆ ಅಂತ ನಾನು ಕೇಳಿರಲಿಲ್ಲ. ಒಂದೇ ಪುಟವನ್ನು ನೀನು ನಾಲ್ಕು ಸಲ ಓದುತ್ತಿದ್ದೆಯಂತೆ. ಅಮ್ಮ ಮೊನ್ನೆ ಹೇಳಿದಳು. ಹೆಣ್ಣುಮಕ್ಕಳಲ್ಲಿ ಇದು ಹೀಗೇ ತಪ್ಪಿಹೋಗುತ್ತೆ ಅಂತ ಶಿಷ್ಯನೂ ಹೇಳಿದ. ಓಡಾಡಿ ಗಲಾಟೆ ಮಾಡುವ ಹುಡುಗ ಮೇಷ್ಟರ ಕಣ್ಣಿಗೆ ಬೀಳುತ್ತಾನೆ. ಸುಮ್ನೆ ಕೂತು ಕಳೆದುಹೋಗುವ ಹುಡುಗಿ ಬೀಳುವುದಿಲ್ಲ. ನೀನು ನನ್ನ ಕಣ್ಣಿಗೆ ಬಿದ್ದಿದ್ದೆ, ಕಂಬಕ್ಕೆ ಒರಗಿ ನಿಂತಿದ್ದಾಗ. ಆದರೂ ನಾನು ಏಳಲಿಲ್ಲ. ನನ್ನನ್ನು ಕ್ಷಮಿಸು ಅಂತ ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಇಲ್ಲಿ ಬರೆದಿದ್ದೇನೆ.

ನಿನಗೂ ಒಮ್ಮೆ ಡಾಕ್ಟರ ಹತ್ತಿರ ತೋರಿಸಿಕೋ. ದೊಡ್ಡವರಿಗೂ ಚಿಕಿತ್ಸೆ ಇದೆಯಂತೆ.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ, ಬೇಡ ಅಂದರೂ ಬರುತ್ತೇನೆ. ಹಸಿವು ಹೋಗುವುದು ಮಾತ್ರೆ ತಗೊಂಡ ಮೇಲಲ್ವಾ, ಅದಕ್ಕೆ ಮೊದಲೇ ಮಗು ಹೊಟ್ಟೆ ತುಂಬ ತಿನ್ನಬೇಕು. ನಾನಿರುವಷ್ಟು ದಿನ ಬೆಳಗ್ಗೆ ಅವನಿಗೆ ದೋಸೆ ಹುಯ್ಯುವ ಕೆಲಸ ನನಗೆ ಬಿಡು. ಅಮ್ಮ ಜೋನಿ ಬೆಲ್ಲ ಕಟ್ಟಿಕೊಡುತ್ತಾಳೆ. ಅವನಿಗೆ ಒಂದು ಡಜನ್ ಪೆನ್ಸಿಲ್ ತೆಗೆದಿಟ್ಟಿದ್ದೇನೆ. ಅದು ಮುಗಿದರೆ ಇನ್ನೊಂದು ಡಜನ್ ತರೋಣ.

ಇಂತಿ,
ನಿನ್ನ ಅಪ್ಪ